ಮುಚ್ಚುವ ಮುಂಚೆ ಒಂದು ಫೋಟೊ

ಸೀನು ಬಂದವನೇ ಕಾಫಿ ಮುಟ್ಟಲಿಲ್ಲ. ಫೋನ್ ತೆಗೆದು ಲೋಟದ ಫೋಟೊ ಹೊಡೆದ. ಆಮೇಲೆ ಟೋಕನ್ನಿನದು. ಆಮೇಲೆ ಕೈ ತೊಳೆಯುವ ಬೇಸಿನ್ನಿನದು.

"ಬೇಸಿನ್ ಯಾಕೋ?" ಅಂದ ಗುಂಡಣ್ಣ, ಬಾಯಲ್ಲಿ ವಡೆ ಇಟ್ಟುಕೊಂಡೇ.

"ಮುಂದೆ ಬೇಕಾಗುತ್ತೆ. ಈ ದರ್ಶಿನಿ ಮುಚ್ಚಿದ ಮೇಲೆ."

ವಿಮಲಕ್ಕ ಲೋಟ ಕೆಳಗಿಟ್ಟರು. "ಮುಚ್ತಾರಂತಾ?"

"ಹಾಗೇನಿಲ್ಲ ಅಕ್ಕ. ಆದ್ರೆ ಎಲ್ಲಾನೂ ಒಂದು ದಿನ ಮುಚ್ಚೋದೇ ಅಲ್ವಾ? ನ್ಯೂ ಕೃಷ್ಣ ಭವನ ಮುಚ್ಚಿದಾಗ ಎಲ್ಲರೂ ಫೋಟೊ ಹಾಕ್ಕೊಂಡು ಅತ್ತರು. ನನ್ನ ಹತ್ರ ಒಂದೂ ಇರಲಿಲ್ಲ. ಗ್ರೂಪಲ್ಲಿ ತಲೆ ಎತ್ತೋಕಾಗಲಿಲ್ಲ."

"ಓಹೋ, ಅಡ್ವಾನ್ಸ್ ಶೋಕ," ಅಂದರು ರಾಯರು. "ಅಜ್ಜ ನಡುಮನೆಯಲ್ಲಿ ಕಾಫಿ ಕುಡೀತಿದಾರೆ, ನೀನು ತಿಥಿ ಊಟಕ್ಕೆ ಎಲೆ ಹಾಕಿಸಿಕೊಂಡು ಕೂತಿದೀಯ."

ಗುಂಡಣ್ಣನಿಗೆ ವಡೆ ನೆತ್ತಿಗೆ ಹತ್ತಿತು. ರಾಯರು ಅವನ ಬೆನ್ನು ತಟ್ಟುತ್ತಲೇ ಮುಂದುವರಿಸಿದರು. "ಕೃಷ್ಣ ಭವನ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಬಂದಿದ್ದು 1954ರಲ್ಲಿ. ಬಾಗಿಲು ಹಾಕಿದ್ದು 2022ರ ಡಿಸೆಂಬರಿನಲ್ಲಿ. ನೀನು ಆರು ವರ್ಷ ಬಾಡಿಗೆಗಿದ್ದಿದ್ದು ಅಲ್ಲೇ ಎಂಟನೇ ಕ್ರಾಸಲ್ಲಿ. ಎಷ್ಟು ಸಲ ಹೋಗಿದ್ದೆ?"

"ಪಾರ್ಕಿಂಗ್ ಸಿಗ್ತಿರಲಿಲ್ಲ ರಾಯರೇ."

"ಎಂಟನೇ ಕ್ರಾಸಿನಿಂದ?"

ಸೀನು ಚಟ್ನಿಯ ಫೋಟೊ ತೆಗೆದ. ಬಿಡಿ, ಅವನನ್ನು ಒಂದೇ ಏಟಿಗೆ ಮಣಿಸೋದು ಕಷ್ಟ. "ಅದು ಬಿಡಿ, ಎಂ.ಜಿ. ರಸ್ತೆಯ ಕಾಫಿ ಹೌಸು? ಸಪ್ಲೈಯರ್‌ಗಳ ಆ ಪೇಟ, ಆ ಬೆಲ್ಟು, ಆ ಟೋಸ್ಟು! 2009ರಲ್ಲಿ ಮುಚ್ಚಿದಾಗ ನನ್ನ ಕಾಲೇಜು ದಿನಗಳೇ ಮುಗಿದು ಹೋದವು ಅನ್ನಿಸ್ತು."

"ನಿನ್ನ ಕಾಲೇಜು ತುಮಕೂರಲ್ಲಿತ್ತು."

"ಮನಸ್ಸು ಇಲ್ಲಿತ್ತು."

"ಸರಿ. ಆದ್ರೆ ಅದು ಮುಚ್ಚಲಿಲ್ಲ ಮಾರಾಯ. ಎಂ.ಜಿ. ರಸ್ತೆ ಬಿಟ್ಟು ಪಕ್ಕದ ಚರ್ಚ್ ಸ್ಟ್ರೀಟಿಗೆ ಹೋಯಿತು. ಐದು ನಿಮಿಷದ ದಾರಿ. ಅದೇ ಪೇಟ, ಅದೇ ಬೆಲ್ಟು, ಅದೇ ಟೋಸ್ಟು. ಮನೆ ಬದಲಾಯಿಸಿದವರಿಗೆಲ್ಲ ಶ್ರದ್ಧಾಂಜಲಿ ಹಾಕ್ತಾ ಹೋದರೆ ನಿನಗೆ ನಾವು ಈಗಾಗಲೇ ನಾಲ್ಕು ಸಲ ಹಾಕಬೇಕಿತ್ತು."

ವಿಮಲಕ್ಕನಿಗೆ ಮೇಷ್ಟ್ರು ಕೆಲಸ ಬಿಟ್ಟು ವರ್ಷಗಳಾದರೂ ಪಾಠ ಬಿಟ್ಟಿಲ್ಲ. "ಆ ಕಾಫಿ ಹೌಸುಗಳು ಮೊದಲು ಕಾಫಿ ಬೋರ್ಡಿನವು ಕಣೋ. ಬೋರ್ಡು ಅವನ್ನು ಮುಚ್ಚೋಕೆ ಹೊರಟಿತು. ಕೆಲಸಗಾರರು ಬೀದಿಗೆ ಬಿದ್ದರು. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆನ್ನಿಗೆ ನಿಂತರು, 1957ರಲ್ಲಿ ಬೆಂಗಳೂರಲ್ಲಿ ಸಹಕಾರ ಸಂಘ ಕಟ್ಟಿದರು, ಸಪ್ಲೈಯರ್‌ಗಳೇ ಮಾಲೀಕರಾದರು. ನಿನ್ನ ಥರ ಅಳ್ತಾ ಕೂತಿದ್ರೆ ಆವತ್ತೇ ಎಲ್ಲ ಮುಗಿದಿರ್ತಿತ್ತು."

"ಆಗ ಫೋನಿರಲಿಲ್ವಲ್ಲ ಅಕ್ಕ, ಅದಕ್ಕೇ ಕೆಲಸ ಮಾಡಿದ್ರು," ಅಂದರು ರಾಯರು.

ಗುಂಡಣ್ಣ ಈಗ ಸುಧಾರಿಸಿಕೊಂಡಿದ್ದ. ಎರಡನೇ ಪ್ಲೇಟಿಗೆ ಟೋಕನ್ ತಂದು, ಯಾವುದೋ ಲೋಕದಲ್ಲಿದ್ದವನಂತೆ ಹೇಳಿದ: "ನೀವು ಏನೇ ಅನ್ನಿ, ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಗಿದ್ದು ಮಾತ್ರ ಅನ್ಯಾಯ. ನಮ್ಮ ಕಡಂದಲೆ ಕೃಷ್ಣರಾಯರು 1962ರಲ್ಲಿ ಶುರು ಮಾಡಿದ್ದು. ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಕಿಟಕಿಗೇ ಟ್ರೇ ಸಿಕ್ಕಿಸಿ ದೋಸೆ ಕೊಡ್ತಿದ್ರು. 2008ರಲ್ಲಿ ಮುಚ್ಚಿತು. ಸರ್ಕಾರದ ಜಾಗ, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಅಂತ ಪಾರ್ಕು."

"ನೀನು ಹೋಗಿದ್ಯಾ?"

"ನಮ್ಮ ಸೋದರಮಾವ ಕರ್ಕೊಂಡು ಹೋಗಿದ್ರು."

"ಅವರ ಹತ್ರ ಕಾರಿತ್ತಾ?"

"ಇಲ್ಲ. ನಡ್ಕೊಂಡು ಹೋದ್ವಿ. ಒಳಗೆ ಕೂರೋಕೆ ಜಾಗ ಇತ್ತು. ಮಾವ ಒಪ್ಪಲಿಲ್ಲ. ಡ್ರೈವ್-ಇನ್ ಅಂದ್ರೆ ಕಾರಲ್ಲೇ ತಿನ್ನಬೇಕು ಅಂತ ಯಾರದೋ ಅಂಬಾಸಡರ್ ಪಕ್ಕ ನಿಂತುಕೊಂಡು ತಿಂದ್ವಿ. ಅವರು ಕಿಟಕಿ ಗಾಜು ಏರಿಸಿಕೊಂಡ್ರು."

ಈ ಸಲ ರಾಯರಿಗೇ ಮಾತು ಹೊರಡಲಿಲ್ಲ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಸೀನು ಗ್ರಾನೈಟ್ ಟೇಬಲ್ಲಿನ ಮೇಲೆ ಲೋಟ ಬಿಟ್ಟುಹೋದ ಒದ್ದೆ ಉಂಗುರಕ್ಕೆ ಫೋಕಸ್ ಮಾಡುತ್ತಿದ್ದ. ಕ್ಲೀನಿಂಗ್ ಹುಡುಗ ಬಟ್ಟೆ ಹಿಡಿದು ಪಾಪ ಕಾಯುತ್ತಾ ನಿಂತಿದ್ದ. ರಾಯರು ಅದನ್ನು ನೋಡಿ ಮತ್ತೆ ಕೆರಳಿದರು.

"ಇದು ಪರಂಪರೆ ಅಂತ ಯಾವಾಗಿಂದ ಆಯ್ತೋ? ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆಗೆದಿದ್ದು 1983ರಲ್ಲಿ. ಟೋಕನ್ ತಗೋ, ನಿಂತು ತಿನ್ನು, ಜಾಗ ಬಿಡು. ನಮ್ಮಪ್ಪ ಒಂದು ದಿನ ಹೋಗಿ ಬಂದು, 'ನಿಂತು ಮೇಯೋಕೆ ನಾನೇನು ಜಟಕಾ ಕುದುರೇನಾ' ಅಂದ್ರು. ಕೂತು ತಿನ್ನೋ ಹೋಟ್ಲಿಗೆ ಕಾಲ ಮುಗೀತು ಅಂತ ತಿಂಗಳುಗಟ್ಟಲೆ ಗೊಣಗಿದರು. ಅವರು ಶಾಪ ಹಾಕಿದ್ದಕ್ಕೇ ನೀನು ಈಗ ಹಾರ ಹಾಕ್ತಿದೀಯ."

"ಅದಕ್ಕೇ ನಿಮ್ಮನ್ನ ಆ ಹೊಸ ಕೆಫೆಗೆ ಕರ್ಕೊಂಡು ಹೋಗಿದ್ದು ರಾಯರೇ. ಹಳೇ ಕಾಲದ ಥರಾನೇ ಮಾಡಿದಾರೆ. ಮರದ ಕುರ್ಚಿ, ರೇಡಿಯೊ..."

"ಗೋಡೆ ಮೇಲೆ ಪೇಟ ಸುತ್ತಿದ ತಾತ," ಅಂದ ಗುಂಡಣ್ಣ. "ನಾನು ಕೇಳ್ದೆ, ಓನರ್ ತಾತನಾ ಅಂತ. ಸಪ್ಲೈಯರ್ ಹೇಳ್ದ, 'ಗೊತ್ತಿಲ್ಲ ಸಾರ್, ಇಂಟೀರಿಯರ್‌ನೋರು ತಂದು ಹಾಕಿದ್ರು'."

"ಒಂದು ಕಾಫಿ 180 ರೂಪಾಯಿ," ಅಂದರು ರಾಯರು. "ಕಾಫಿಗೆ 20, ತಾತನಿಗೆ 160."

ವಿಮಲಕ್ಕ ಮಾತ್ರ ನಗಲಿಲ್ಲ. ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಅಲ್ಲಾಡಿಸುತ್ತಿದ್ದರು. "ನಂಗೆ ಆ ಕಾಫಿ ಡೇಗಳನ್ನ ನೋಡಿದ್ರೆ ಒಂಥರಾ ಆಗುತ್ತೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲನೇದು ಶುರುವಾಯ್ತಲ್ಲ, ಕಾಫಿ ಜೊತೆ ಇಂಟರ್ನೆಟ್ ಅಂತ. ತಮ್ಮ ಆಗಷ್ಟೇ ಅಮೆರಿಕಕ್ಕೆ ಹೋಗಿದ್ದ. ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಅಮ್ಮ ಹೇಳ್ತಿದ್ರು, ನಾನು ಒಂದೇ ಬೆರಳಲ್ಲಿ ಟೈಪ್ ಮಾಡ್ತಿದ್ದೆ. 'ಊಟ ಮಾಡಿದ್ಯಾ ಅಂತ ಬರಿ' ಅಂದ್ರು. ಬರೆದೆ. 'ಈಗ ಓದಿದ್ನಾ?' ಅಂತ ಕೇಳಿದ್ರು. ಉತ್ತರ ಬರುತ್ತೆ ಅಂತ ಒಂದು ಗಂಟೆ ಅಲ್ಲೇ ಕೂತ್ವಿ."

"ಬಂತಾ?"

"ಅಲ್ಲಿ ಮಧ್ಯರಾತ್ರಿ ಅಂತ ಇಬ್ಬರಿಗೂ ಹೊಳೀಲಿಲ್ಲ."

ಯಾರೂ ಏನೂ ಅನ್ನಲಿಲ್ಲ. ಚಿಕ್ಕಮಗಳೂರಿನ ಆ ಹೆಸರು ಒಂದು ಕಾಲಕ್ಕೆ ದೇಶದ ಉದ್ದಗಲ 1,700ಕ್ಕೂ ಹೆಚ್ಚು ಅಂಗಡಿಗಳ ಮೇಲಿತ್ತು. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಈಗ ಮುಚ್ಚಿಹೋಗಿವೆ. ಅದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದಿದ್ದ ಸೀನು, ಯಾಕೋ ಸುಮ್ಮನಾದ.

"ಕಾಫಿ ಚೆನ್ನಾಗಿತ್ತಾ ಅಕ್ಕ?" ರಾಯರು ಮೆಲ್ಲಗೆ ಕೇಳಿದರು.

"ಕಾಫಿ ನೆನಪೇ ಇಲ್ಲ ರಾಯರೇ."

ಹೊರಡುವಾಗ ಕ್ಯಾಶಿನಲ್ಲಿದ್ದ ಮಂಜಣ್ಣ ಸೀನುವನ್ನು ತಡೆದರು. ಅವರು ಕುಂದಾಪುರದವರು, ಗಲ್ಲಾದ ಹಿಂದೆ ಕೂತು ಎಲ್ಲಾ ಕೇಳಿಸಿಕೊಂಡಿದ್ದರು. "ಎಂತ ಮಾರಾಯ್ರೆ, ನಮ್ಮ ಹೋಟ್ಲು ಮುಚ್ಚುದಂತೆ? ನಂಗೇ ಗೊತ್ತಿಲ್ಲ!"

"ಇಲ್ಲ ಮಂಜಣ್ಣ, ಸುಮ್ನೆ ನೆನಪಿಗೆ."

"ನಾವು ಇಲ್ಲೇ ಇದ್ದೇವಲ್ಲ. ನಾಳೆಯೂ ಬನ್ನಿ."

ಸೀನು ಕೇಳಬೇಕಲ್ಲ! ರಾತ್ರಿಯೇ ಹನ್ನೊಂದು ಫೋಟೊ ಹಾಕಿದ. ಕೆಳಗೆ ಬರೆದ: "ಇನ್ನೆಷ್ಟು ದಿನವೋ?" ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು, ನಿಜ. ಅದನ್ನು ಯಾರು ನೋಡುತ್ತಾರೆ?

ಮುಂದಿನ ಶನಿವಾರ ನಾಲ್ವರೂ ಹೋದರೆ ಟೋಕನ್ನಿಗೆ ಫುಟ್‌ಪಾತಿನವರೆಗೂ ಸಾಲು. ಹದಿನೈದು ವರ್ಷದಿಂದ ಈ ಕಡೆ ತಲೆ ಹಾಕದವರೆಲ್ಲ ಮಕ್ಕಳನ್ನು ಕರೆತಂದು "ಇಲ್ಲೇ ಕಣೋ ನಾವು ತಿಂತಿದ್ದಿದ್ದು" ಅನ್ನುತ್ತಿದ್ದರು. ಒಬ್ಬಾತ ಬೇಸಿನ್ನಿನ ಜೊತೆ ಸೆಲ್ಫಿ ತೆಗೆಯುತ್ತಿದ್ದ. ಸಂಜೆ ಐದಕ್ಕೇ ವಡೆ ಖಾಲಿ. ಮಂಜಣ್ಣನಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಆದರೂ ಇವರನ್ನು ಕಂಡು ಒಂದು ಸಲ ಕೈ ಮುಗಿದು, "ಸೀನಣ್ಣ, ತಿಂಗಳಿಗೊಂದು ಸಲ ಹೀಗೇ ಮುಚ್ಚಿಸಿ ಮಾರಾಯ್ರೆ," ಅಂದರು.

ಮೂಲೆಯ ಅವರ ಟೇಬಲ್ಲಿಗೆ ಯಾರೋ ಆರು ಜನ ಮುತ್ತಿಕೊಂಡಿದ್ದರು. ನಾಲ್ವರೂ ಕಾಫಿ ಹಿಡಿದು ಹೊರಗೆ ಬಂದು, ಯಾರದೋ ಸ್ಕೂಟರ್ ಸೀಟಿನ ಮೇಲೆ ಲೋಟ ಇಟ್ಟುಕೊಂಡು ನಿಂತರು. ಗುಂಡಣ್ಣ, "ಮಾವನ ಜೊತೆ ನಿಂತಂಗೇ ಆಯ್ತು," ಅಂದ. ಪಕ್ಕದಲ್ಲೇ ಬಸ್ಸು ಹೋಯಿತು. ಕಾಫಿಯಲ್ಲಿ ಧೂಳು.

ಸೀನು ಬಾಗಿಲಿನ ಒಳಗೆ ನೋಡುತ್ತಲೇ ಇದ್ದ. "ಆ ಮೂಲೆ ಟೇಬಲ್ಲು ಎಷ್ಟು ಚೆನ್ನಾಗಿತ್ತು, ಅಲ್ವಾ?"

ರಾಯರು ಏನಾದರೂ ಅಂದೇ ಅನ್ನುತ್ತಾರೆ ಎಂದು ಮೂವರೂ ಕಾದರು. ರಾಯರು ಲೋಟದಲ್ಲಿ ಬಿದ್ದ ಕಸವನ್ನು ಬೆರಳ ತುದಿಯಿಂದ ತೆಗೆದು, ಕೈ ಒರೆಸಿಕೊಂಡರು.

"ಫೋಟೊ ಇದೆಯಲ್ಲ. ತೋರಿಸು ನೋಡೋಣ."