ಹವಾಮಾನ ಇಲಾಖೆ ಕೆಲಸಕ್ಕೆ ಸೇರಿದರೆ ಕೈಗೆ ಎಷ್ಟು ಬರುತ್ತೆ? ತಂಗಿಗಾಗಿ ಕೇಳುತ್ತಿದ್ದೇನೆ

ಗೊಬ್ಬರದಂಗಡಿ_ಸಿಂಧನೂರು

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ತಂಗಿ ರಾಯಚೂರಿನಲ್ಲಿ ಬಿ.ಎಸ್ಸಿ ಕೊನೆಯ ವರ್ಷ ಓದುತ್ತಿದ್ದಾಳೆ. ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್. ಮನೆಯವರೆಲ್ಲ ಬಿ.ಎಡ್ ಮಾಡು ಅನ್ನುತ್ತಿದ್ದಾರೆ. ಅವಳು ಹವಾಮಾನ ಇಲಾಖೆಗೇ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅಪ್ಪ ಕೇಳಿದ್ದು ಒಂದೇ ಮಾತು: "ಮಳೆ ಬರ್ತದ ಅಂತ ಹೇಳಾಕ ಯಾರು ಪಗಾರ ಕೊಡ್ತಾರವ್ವ?"

ನನಗೆ ಆ ಅನುಮಾನ ಇಲ್ಲ. ನಮ್ಮ ಕಡೆ ಭತ್ತ ಕೊಯ್ದು ರಸ್ತೆ ಬದಿ ಹರವಿದ ದಿನ ಮಳೆ ಹೊಡೆದರೆ ಏನಾಗುತ್ತದೆ ಅಂತ ನೋಡಿ ಗೊತ್ತು. ಅಂಗಡಿಗೆ ಬರುವ ರೈತರು ಔಷಧಿ ರೇಟು ಕೇಳುವ ಮೊದಲೇ "ಇವತ್ತು ಹೊಡದ್ರ ಮಳಿಗೆ ತೊಳದು ಹೋಗಲ್ಲ ಹೌದಲ್ಲೋ" ಅನ್ನುತ್ತಾರೆ. ಕೆಲಸಕ್ಕೆ ಬೆಲೆ ಇದೆ. ಸಂಬಳ ಎಷ್ಟು ಅನ್ನುವುದೇ ನನ್ನ ಪ್ರಶ್ನೆ.

ಒಂದು ಕಡೆ ತಿಂಗಳಿಗೆ 30 ಸಾವಿರ ಅಂತಾರೆ, ಇನ್ನೊಂದು ಕಡೆ ಲಕ್ಷದ ಮೇಲೆ ಅಂತಾರೆ. ಯಾಕೆ ಇಷ್ಟು ಫರಕು? ಬಳ್ಳಾರಿ, ರಾಯಚೂರು ಸುತ್ತಮುತ್ತ ಪೋಸ್ಟಿಂಗ್ ಸಿಗುತ್ತಾ? ನಮಗೆ 371ಜೆ ಅಂತ ಕಲ್ಯಾಣ ಕರ್ನಾಟಕದವರ ಮೀಸಲಾತಿ ಇದೆಯಲ್ಲ, ಅದು ಇಲ್ಲಿ ನಡೆಯುತ್ತಾ? ಆ ಕೆಲಸದಲ್ಲಿ ಇರುವವರೇ ಹೇಳಿದರೆ ಒಳ್ಳೆಯದು.

ತೋರಣಗಲ್ಲು_ಹುಡುಗ

ಅಣ್ಣ, ತಂಗಿಗೆ ಒಂದು ಯೂಟ್ಯೂಬ್ ಚಾನೆಲ್ ಮಾಡಿಕೊಡಿ. "ಇನ್ನು 3 ದಿನ ಕಾದಿದೆ ಗಂಡಾಂತರ" ಅಂತ ದಿನಾ ಒಂದು ವಿಡಿಯೊ ಹಾಕಲಿ. ಇಲಾಖೆಯವರಿಗಿಂತ ಜಾಸ್ತಿ ದುಡಿಯುತ್ತಾಳೆ. ಸುಮ್ನೆ ತಮಾಷೆಗೆ ಅಂದೆ, ಬೇಜಾರಾಗಬೇಡಿ.

ಬಲೂನ್_ಅಕ್ಕ

ನೋಡಿ ತಮ್ಮ, ನಾನು ಸಿರುಗುಪ್ಪದವಳು. ಭಾರತೀಯ ಹವಾಮಾನ ಇಲಾಖೆಯಲ್ಲಿ ಸೈಂಟಿಫಿಕ್ ಅಸಿಸ್ಟೆಂಟ್. ಈಗ ಕರಾವಳಿಯ ಒಂದು ಕೇಂದ್ರದಲ್ಲಿದ್ದೇನೆ. ನೀವು ಕೇಳಿದ 30 ಸಾವಿರವೂ ಸುಳ್ಳಲ್ಲ, ಲಕ್ಷವೂ ಸುಳ್ಳಲ್ಲ. ಒಂದೇ ಆಫೀಸಿನಲ್ಲಿ ಎರಡೂ ಥರದವರು ಪಕ್ಕಪಕ್ಕ ಕೂತಿರುತ್ತಾರೆ. ಯಾವ ಹುದ್ದೆಗೆ ಸೇರಿದಿರಿ, ಕಾಯಂ ಹೌದೋ ಅಲ್ಲವೋ, ಯಾವ ಊರಿಗೆ ಹಾಕಿದರು, ಇವು ಸಂಬಳ ಗೊತ್ತು ಮಾಡುತ್ತವೆ. ಮಳೆ ಸರಿಯಾಗಿ ಹೇಳಿದವರಿಗೆ ಜಾಸ್ತಿ, ತಪ್ಪಿದವರಿಗೆ ಕಡಿಮೆ ಅಂತೇನೂ ಇಲ್ಲ. ಹಾಗಿದ್ದಿದ್ದರೆ ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಯಾರ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ. ಆಗಿನ ಗುಡುಗು ಮಳೆ ಮಾನ್ವಿಗೆ ಬರುತ್ತೋ ಮಸ್ಕಿಗೆ ಬರುತ್ತೋ ಅಂತ ಹಿಂದಿನ ದಿನವೇ ಹೇಳುವುದು ಅಷ್ಟು ಕಷ್ಟ.

ಬಿ.ಎಸ್ಸಿ ಮುಗಿಸಿ ಬರುವವರಿಗೆ ಇರುವುದು ನನ್ನ ಹುದ್ದೆ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಲೆವೆಲ್ 6, ಮೂಲ ವೇತನ 35,400. ತುಟ್ಟಿಭತ್ಯೆ 2025ರ ಜುಲೈ ಲೆಕ್ಕದಲ್ಲಿ 58%, ಅಂದರೆ 20,532. ಇಲ್ಲಿವರೆಗೆ ಎಲ್ಲ ಊರಿಗೂ ಒಂದೇ. ಊರಿನ ಆಟ ಶುರುವಾಗುವುದು ಮನೆ ಬಾಡಿಗೆ ಭತ್ಯೆಯಲ್ಲಿ. ಬೆಂಗಳೂರಿನಂಥ ದೊಡ್ಡ ನಗರಕ್ಕೆ ಮೂಲ ವೇತನದ 30%, ಕಲಬುರಗಿ, ಹುಬ್ಬಳ್ಳಿ, ಮೈಸೂರಿಗೆ 20%, ಬಳ್ಳಾರಿ, ರಾಯಚೂರಿಗೆ 10%. ಪ್ರಯಾಣ ಭತ್ಯೆಯೂ ದೊಡ್ಡ ಊರಿನಲ್ಲಿ 3,600, ಸಣ್ಣ ಊರಿನಲ್ಲಿ 1,800, ಅದರ ಮೇಲೆ ಮತ್ತೆ ತುಟ್ಟಿಭತ್ಯೆ. ಎಲ್ಲ ಕೂಡಿಸಿದರೆ ಹೊಸದಾಗಿ ಸೇರಿದವರಿಗೆ ಬೆಂಗಳೂರಿನಲ್ಲಿ 72,240, ರಾಯಚೂರಿನಲ್ಲಿ 62,316. ಇದರಲ್ಲಿ ಎನ್‌ಪಿಎಸ್ ಪಿಂಚಣಿಗೆ ಅಂತ 5,593 ಹಿಡಿಯುತ್ತಾರೆ. ಆಸ್ಪತ್ರೆ ಯೋಜನೆ, ವಿಮೆ ಅಂತ ಇನ್ನಷ್ಟು ಹೋಗುತ್ತದೆ. ಬೆಂಗಳೂರಿನಲ್ಲಿ ಹತ್ತು ಸಾವಿರ ಜಾಸ್ತಿ ಕೊಡುತ್ತಾರೆ ನಿಜ, ಅಲ್ಲಿಯ ಮನೆ ಬಾಡಿಗೆ ಕಟ್ಟಿದವರಿಗೆ ಗೊತ್ತು ಅದು ಎಲ್ಲಿ ಹೋಗುತ್ತದೆ ಅಂತ. ಉಳಿಸುವವರಿಗೆ ಸಣ್ಣ ಊರೇ ಮೇಲು.

ಸೈಂಟಿಸ್ಟ್ ಬಿ ಹುದ್ದೆ ಇನ್ನೊಂದು ಲೆಕ್ಕ. ಅದು ಲೆವೆಲ್ 10. ಮೂಲ ವೇತನವೇ 56,100. ಬೆಂಗಳೂರಿನಲ್ಲಿ ಎಲ್ಲ ಸೇರಿ 1,16,844 ಆಗುತ್ತದೆ. ನೀವು ಕೇಳಿದ ಲಕ್ಷ ಇದೇ. ಅದಕ್ಕೆ ಎಂ.ಎಸ್ಸಿ ಅಥವಾ ಬಿ.ಟೆಕ್ ಬೇಕು. ನಿಜವಾದ ಫರಕು ಸೇರುವ ದಿನ ಕಾಣುವುದಿಲ್ಲ, ಹದಿನೈದು ವರ್ಷದ ಮೇಲೆ ಕಾಣುತ್ತದೆ. ವಿಜ್ಞಾನಿಗಳಿಗೆ ಮೇಲಿನ ಹುದ್ದೆ ಖಾಲಿ ಆಗಲಿ ಅಂತ ಕಾಯುವ ಕೆಲಸ ಇಲ್ಲ. ಇಷ್ಟು ವರ್ಷ ಆದಮೇಲೆ ಅವರ ಕೆಲಸ ನೋಡಿ, ಸಂದರ್ಶನ ಮಾಡಿ ಬಡ್ತಿ ಕೊಡುತ್ತಾರೆ. ಸಿ ಆದರೆ 67,700, ಡಿ ಆದರೆ 78,800, ಇ ಆದರೆ ಒಮ್ಮೆಲೇ 1,23,100ಕ್ಕೆ ಹಾರುತ್ತದೆ. ಇದೆಲ್ಲ ಬರೀ ಮೂಲ ವೇತನ. ನಮಗೆ ವರ್ಷಕ್ಕೆ 3% ಇನ್‌ಕ್ರಿಮೆಂಟ್. ಮೇಲೆ ಜಾಗ ಖಾಲಿ ಆದರೆ ಬಡ್ತಿ. ಆಗದೇ ಇದ್ದರೆ 10, 20, 30 ವರ್ಷಕ್ಕೆ ಒಂದೊಂದು ಲೆವೆಲ್ ಮೇಲೆ ಹಾಕುತ್ತಾರೆ.

30 ಸಾವಿರದ ಕಥೆ ಪ್ರಾಜೆಕ್ಟ್ ಕೆಲಸದ್ದು. ಪ್ರಾಜೆಕ್ಟ್ ಅಸೋಸಿಯೇಟ್ ಆದರೆ ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾದವರಿಗೆ 31,000, ಆಗದವರಿಗೆ 25,000 ಅಂತ 2020ರಲ್ಲಿ ಗೊತ್ತು ಮಾಡಿದ್ದರು. ಪಿಎಚ್‌ಡಿ ಮಾಡುವವರಿಗೆ 2023ರ ಜನವರಿಯಿಂದ 37,000 ಫೆಲೋಶಿಪ್. ಪ್ರಾಜೆಕ್ಟ್ ಸೈಂಟಿಸ್ಟ್ ಆದರೆ 56,000 ಅಂತ ಜಾಹೀರಾತಿನಲ್ಲಿ ಇರುತ್ತದೆ. ಅದನ್ನು ನೋಡಿ "ಓಹೋ, ಸೈಂಟಿಸ್ಟ್ ಬಿ ಸಂಬಳವೇ ಅಲ್ವಾ" ಅಂದುಕೊಳ್ಳಬೇಡಿ. ಅದರ ಮೇಲೆ ಬಾಡಿಗೆ ಭತ್ಯೆ ಬರುತ್ತದೆ, ತುಟ್ಟಿಭತ್ಯೆ ಬರುವುದಿಲ್ಲ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. 2018ರಿಂದ ಜಿಲ್ಲೆ ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೃಷಿ ಹವಾಮಾನ ಘಟಕ ಶುರು ಮಾಡಿದ್ದರು, ದೇಶದಲ್ಲಿ ಒಟ್ಟು 199. 2024ರಲ್ಲಿ ಅಷ್ಟೂ ಮುಚ್ಚಿದವು. ಸಂಬಳದ ಅಂಕಿ ನೋಡುವ ಮೊದಲು ಹುದ್ದೆಯ ಮುಂದೆ ಏನು ಬರೆದಿದೆ ಅಂತ ನೋಡಬೇಕು ಅನ್ನುವುದು ಇದಕ್ಕೇ.

ಕೆಲಸ ಹೇಗಿರುತ್ತದೆ ಅಂತಲೂ ತಂಗಿಗೆ ಗೊತ್ತಿರಲಿ. ನನ್ನ ಬೆಳಗಿನ ಪಾಳಿ ಅಂದರೆ ಊರು ಏಳುವ ಮೊದಲೇ ಬಲೂನ್ ಕೋಣೆಯಲ್ಲಿ ಇರಬೇಕು. ಹೈಡ್ರೋಜನ್ ತುಂಬುವ ಜಾಗ ಅದು. ಮೊಬೈಲ್ ಹೊರಗೆ ಇಟ್ಟು ಹೋಗುತ್ತೇವೆ. ನೈಲಾನ್ ಬಟ್ಟೆ ಹಾಕಿಕೊಳ್ಳುವಂತಿಲ್ಲ, ಒಂದು ಕಿಡಿ ಸಾಕು. ನಾನು ಹತ್ತಿಯ ಚೂಡಿದಾರವನ್ನೇ ಹಾಕುವುದು. ಬಲೂನ್ ನಿಧಾನಕ್ಕೆ ಉಬ್ಬಿ ನನಗಿಂತ ಎತ್ತರ ಆಗುತ್ತದೆ. ಕೆಳಗೆ ದಾರಕ್ಕೆ ಒಂದು ಸಣ್ಣ ಡಬ್ಬಿ, ರೇಡಿಯೊಸಾಂಡ್. ಉಷ್ಣಾಂಶ, ತೇವಾಂಶ, ಗಾಳಿ ಎಲ್ಲ ಮೇಲಿನಿಂದ ಕಳಿಸುವುದು ಅದೇ. ಬೆಳಿಗ್ಗೆ 5:30ರ ವೀಕ್ಷಣೆ ಅಂದರೆ ಜಗತ್ತಿನ ಎಲ್ಲ ಕಡೆ ಅದೇ ಹೊತ್ತಿಗೆ. ಹಾಗಾಗಿ ನಾವು ಬಲೂನ್ ಅದಕ್ಕಿಂತ ಮುಂಚೆ ಬಿಡುತ್ತೇವೆ. ಸಂಜೆ 5:30ರದಕ್ಕೂ ಹಾಗೆಯೇ. ಗಾಳಿ ಜೋರಾಗಿದ್ದ ದಿನ ಡಬ್ಬಿ ಹಿಡಿದುಕೊಂಡು ಓಡಬೇಕು, ಇಲ್ಲದಿದ್ದರೆ ಕಾಂಪೌಂಡಿಗೆ ಬಡಿಯುತ್ತದೆ. ಆಮೇಲೆ 8:30ಕ್ಕೆ ಮಳೆಮಾಪಕದ ನೀರು ಅಳೆಯುವುದು. ಟಿವಿಯಲ್ಲಿ "ಕಳೆದ 24 ಗಂಟೆಯಲ್ಲಿ" ಅನ್ನುತ್ತಾರಲ್ಲ, ಅದು 8:30ರಿಂದ 8:30ಕ್ಕೆ. ಯುಗಾದಿ, ದೀಪಾವಳಿಗೂ ಪಾಳಿ ಇದ್ದರೆ ಇದೆ.

ಪೋಸ್ಟಿಂಗ್ ದೇಶದ ಯಾವ ಮೂಲೆಗಾದರೂ ಹಾಕಬಹುದು. ಈಶಾನ್ಯ ರಾಜ್ಯಗಳಿಗೆ ಹಾಕಿದರೆ ಮೂಲ ವೇತನದ 10% ವಿಶೇಷ ಭತ್ಯೆ ಉಂಟು. ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ನಮ್ಮ ಕೇಂದ್ರ ಇದೆ. 371ಜೆ ರಾಜ್ಯ ಸರ್ಕಾರದ ಹುದ್ದೆಗಳಿಗೆ ಮಾತ್ರ. ನಮ್ಮದು ಕೇಂದ್ರದ ಇಲಾಖೆ, ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಜಾಹೀರಾತು ಬಂದರೆ ಕಾಯಂ ಹೌದೋ ಗುತ್ತಿಗೆಯೋ ನೋಡಿಕೊಳ್ಳಿ. ಊರು ಬಿಡಲ್ಲ ಅನ್ನುವವರಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಹವಾಮಾನ ವಿಭಾಗ ಹತ್ತಿರದ್ದು. ಮಂಗಳವಾರ, ಶುಕ್ರವಾರ ರೈತರಿಗೆ ಸಲಹೆ ಹೊರಡಿಸುತ್ತಾರಲ್ಲ, ಅವರೇ. ಆದರೆ ಅಲ್ಲಿ ಬೇಕಾಗುವುದು ಕೃಷಿ ಓದಿದವರು, ಹುದ್ದೆಗಳೂ ಬೆರಳೆಣಿಕೆ.

ಕುಷ್ಟಗಿ_ಗಾಳಿ

ಅಕ್ಕ ಸರ್ಕಾರದ್ದು ಪೂರ್ತಿ ಹೇಳಿದ್ದಾರೆ. ನಾನು ಖಾಸಗಿ ಕಡೆಯವನು. ಕುಷ್ಟಗಿ, ಯಲಬುರ್ಗಾ ದಾರಿಯಲ್ಲಿ ಗಾಳಿ ಫ್ಯಾನ್ ಸಾಲುಸಾಲು ನೋಡಿರುತ್ತೀರಿ. ಅವು ನಾಳೆ ಎಷ್ಟು ಕರೆಂಟ್ ಕೊಡುತ್ತವೆ ಅಂತ ಮೊದಲೇ ಹೇಳಬೇಕು. ಒಂದು ದಿನವನ್ನು 15 ನಿಮಿಷಕ್ಕೊಂದರಂತೆ 96 ತುಂಡು ಮಾಡಿ, ಪ್ರತಿ ತುಂಡಿಗೂ ಇಷ್ಟು ಅಂತ ಬರೆದುಕೊಡಬೇಕು. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ 2015ರಲ್ಲೇ ಈ ನಿಯಮ ತಂದಿದೆ. ಹೇಳಿದ್ದಕ್ಕೂ ಬಂದದ್ದಕ್ಕೂ ಮಿತಿ ಮೀರಿ ವ್ಯತ್ಯಾಸವಾದರೆ ಕಂಪನಿ ದಂಡ ಕಟ್ಟುತ್ತದೆ.

ಹಾಗಾಗಿ ಅಕ್ಕ ಹೇಳಿದ್ದರ ಉಲ್ಟಾ ಇಲ್ಲಿ. ಲೆಕ್ಕ ತಪ್ಪಿದರೆ ಯಾರ ಜೇಬಿನಿಂದ ಎಷ್ಟು ಹೋಯಿತು ಅಂತ ತಿಂಗಳ ಕೊನೆಗೆ ಗೊತ್ತಾಗುತ್ತದೆ. ಆ ದಂಡ ಇಳಿಸುವವನಿಗೆ ಸಂಬಳ ಏರುತ್ತದೆ. ನಾನು ಸೇರಿದಾಗ 28 ಸಾವಿರ ಕೊಟ್ಟರು. ಪೈಥಾನ್ ಪ್ರೋಗ್ರಾಮಿಂಗ್ ಕಲಿತು ಮುನ್ಸೂಚನೆಯ ಕಂಪ್ಯೂಟರ್ ಮಾದರಿಗಳನ್ನು ನಾನೇ ಓಡಿಸಲು ಶುರು ಮಾಡಿದ ಮೇಲೆ ಕಂಪನಿ ಬದಲಾಯಿಸಿದೆ, ಎರಡರಷ್ಟಾಯಿತು. ನಿಮ್ಮ ತಂಗಿ ಕಂಪ್ಯೂಟರ್ ಸೈನ್ಸ್ ಓದಿದ್ದಾಳಲ್ಲ, ಅದನ್ನು ಬಿಡಬಾರದು. ಬರೀ ಮೋಡದ ಹೆಸರು ಹೇಳುವವರಿಗೆ ಖಾಸಗಿಯವರು ಜಾಸ್ತಿ ಕೊಡುವುದಿಲ್ಲ. ಬೆಳೆ ವಿಮೆ ಕಂಪನಿಗಳೂ ಇಂಥವರನ್ನು ತೆಗೆದುಕೊಳ್ಳುತ್ತವೆ.

ಮಾಜಿ_ವೀಕ್ಷಕ_ಕೊಪ್ಪಳ

ಗುತ್ತಿಗೆ ಬಗ್ಗೆ ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಏಜೆನ್ಸಿ ಮೂಲಕ ಇಂಥದ್ದೇ ಒಂದು ಕಡೆ ಇದ್ದೆ. ಏಜೆನ್ಸಿ ಹೆಸರು ಬೇಡ. ಸಂಬಳ ಎರಡು ಮೂರು ತಿಂಗಳಿಗೆ ಒಮ್ಮೆ ಬರುತ್ತಿತ್ತು. ಕೇಳಿದರೆ "ಮೇಲಿಂದ ಬಿಲ್ ಪಾಸಾಗಿಲ್ಲ" ಅನ್ನುವರು. ಪಿಎಫ್ ಕಟ್ಟುತ್ತಿದ್ದಾರಾ ಅಂತ ಮೊಬೈಲಿನಲ್ಲೇ ನೋಡಬಹುದು, ಮೊದಲ ತಿಂಗಳಿಂದಲೇ ನೋಡುತ್ತಿರಿ.

ಹೊಸಪೇಟೆ_ಟೆಕ್ಸಾಸ್

ಅಮೆರಿಕದ ಲೆಕ್ಕ ಬೇಕಿದ್ದರೆ: 2023ರ ಮೇನಲ್ಲಿ ಇಲ್ಲಿಯ ಹವಾಮಾನ ವಿಜ್ಞಾನಿಗಳ ನಡುಮಟ್ಟದ ಸಂಬಳ ವರ್ಷಕ್ಕೆ 92,860 ಡಾಲರ್. ಅರ್ಧ ಜನ ಇದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ. ಟಿವಿಯಲ್ಲಿ ಹವಾಮಾನ ಹೇಳುವವರೆಲ್ಲ ಕೋಟಿ ದುಡಿಯುತ್ತಾರೆ ಅನ್ನುವುದು ಭ್ರಮೆ. ಸಣ್ಣ ಊರಿನ ಚಾನೆಲ್‌ನವರು ಬಹಳ ಕಡಿಮೆಗೇ ಶುರು ಮಾಡುತ್ತಾರೆ. ಇದನ್ನು ರೂಪಾಯಿಗೆ ತಿರುಗಿಸಿ ಅಪ್ಪನಿಗೆ ತೋರಿಸಬೇಡಿ, ಇಲ್ಲಿಯ ಖರ್ಚು ಯಾರೂ ಹೇಳುವುದಿಲ್ಲ.

ಗೊಬ್ಬರದಂಗಡಿ_ಸಿಂಧನೂರು

ಎಲ್ಲರಿಗೂ ಥ್ಯಾಂಕ್ಸ್. ಬಲೂನ್ ಅಕ್ಕ, ನಿಮ್ಮ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. 62 ಸಾವಿರ ಅಂದ ಕೂಡಲೇ ಟಿವಿ ಸೌಂಡ್ ಕಡಿಮೆ ಮಾಡಿದರು! ಪರೀಕ್ಷೆ ಪ್ರತಿ ವರ್ಷ ನಡೆಯುತ್ತಾ? ಎಂ.ಎಸ್ಸಿ ಮಾಡಿಸಿ ಆಮೇಲೆ ಬರೆಸಲೋ, ಈಗಲೇ ಬರೆಸಲೋ?

ಬಲೂನ್_ಅಕ್ಕ

ಅಲ್ಲೇ ಇರುವುದು ತೊಂದರೆ ತಮ್ಮ. ಎಸ್‌ಎಸ್‌ಸಿಯವರು, ಅಂದರೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದವರು, ಈ ಹುದ್ದೆಗೆ ಪರೀಕ್ಷೆ ಮಾಡಿದ್ದು 2017ರಲ್ಲಿ, ಆಗ 1,102 ಹುದ್ದೆ. ಆಮೇಲೆ ಮಾಡಿದ್ದು 2022ರಲ್ಲಿ, 990 ಹುದ್ದೆ. ನಡುವೆ ಐದು ವರ್ಷ ಏನೂ ಇಲ್ಲ. ವಯಸ್ಸಿನ ಮಿತಿ 30 ಇತ್ತು, ಮೀಸಲಾತಿಯವರಿಗೆ ಸಡಿಲಿಕೆ. ಇದೊಂದನ್ನೇ ನಂಬಿ ಕೂತರೆ ವಯಸ್ಸು ಹೋಗುತ್ತದೆ.

ಹಾಗಾಗಿ ಎಂ.ಎಸ್ಸಿಗೆ ಸೇರಿಸಿ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಕೊಚ್ಚಿಯ ಕುಸಾಟ್, ಪುಣೆ ವಿಶ್ವವಿದ್ಯಾಲಯ, ಈ ಮೂರೂ ಕಡೆ ಇದೇ ವಿಷಯ ಇದೆ. ಓದುತ್ತಲೇ ಗೇಟ್ ಬರೆಯಲಿ. ವಾಯುಪಡೆಯಲ್ಲೂ ಹವಾಮಾನ ವಿಭಾಗ ಇದೆ. ಸ್ನಾತಕೋತ್ತರ ಓದಿದವರನ್ನು ಆಫೀಸರ್ ಆಗಿ ತೆಗೆದುಕೊಳ್ಳುತ್ತಾರೆ, 56,100ರ ಮೇಲೆ ಮಿಲಿಟರಿ ಭತ್ಯೆ 15,500 ಬೇರೆ. ನಡುವೆ ಎಸ್‌ಎಸ್‌ಸಿ ಕರೆದರೆ ಬಿ.ಎಸ್ಸಿ ಮೇಲೆಯೇ ಅರ್ಜಿ ಹಾಕಲಿ. ಹಿಂದಿನ ಸಲ ಬಿ.ಎಸ್ಸಿಯಲ್ಲಿ ಫಸ್ಟ್ ಕ್ಲಾಸ್ ಕೇಳಿದ್ದರು, ಈ ಕೊನೆಯ ವರ್ಷದ ಅಂಕ ಕೈಬಿಡದಿರಲಿ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಅರ್ಧ ಅಂಕ ರೀಸನಿಂಗ್, ಗಣಿತ, ಇಂಗ್ಲಿಷ್, ಸಾಮಾನ್ಯ ಜ್ಞಾನಕ್ಕೆ, ಇನ್ನರ್ಧ ಫಿಸಿಕ್ಸ್, ಕಂಪ್ಯೂಟರ್ ಥರದ ವಿಷಯಕ್ಕೆ.

ಇನ್ನೊಂದು. ನೀವು ಹಿಂದುಳಿದ ವರ್ಗದವರಾಗಿದ್ದರೆ ರಾಜ್ಯದ 2ಎ, 3ಬಿ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಕೇಂದ್ರದ ನಮೂನೆಯಲ್ಲೇ ಒಬಿಸಿ ಸರ್ಟಿಫಿಕೇಟ್ ಬೇಕು. ತಹಶೀಲ್ದಾರ್ ಕಚೇರಿಗೆ ಹೋದಾಗ "ಕೇಂದ್ರ ಸರ್ಕಾರದ ಹುದ್ದೆಗೆ" ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ರಾಜ್ಯದ್ದನ್ನೇ ಕೊಟ್ಟು ಕಳಿಸುತ್ತಾರೆ.