ಓಪನ್-ಇಯರ್‌ನಿಂದ ಸದ್ದು ಸೋರ್ತಿದೆ, ಟೇಪ್ ಹಚ್ಚಿದ ಮೇಲೆ ಇನ್ನೂ ಜಾಸ್ತಿ ಆಗಿದೆ

ಹಿತ್ತಾಳೆಕಿವಿ:
ಕಿವಿಗೆ ಕೊಕ್ಕೆ ಹಾಕಿಕೊಳ್ಳೋ ಓಪನ್-ಇಯರ್ (ಕಿವಿ ತೂತು ಮುಚ್ಚದ ಇಯರ್‌ಫೋನ್) ತಗೊಂಡು ಎರಡು ತಿಂಗಳಾಯ್ತು. ಮೂಳೆ ಅದುರಿಸಿ ಸದ್ದು ಕಳಿಸೋ ಬೋನ್ ಕಂಡಕ್ಷನ್ ಅಲ್ಲ, ಕಿವಿ ತೂತಿನ ಮುಂದೆ ಪುಟ್ಟ ಸ್ಪೀಕರ್ ನಿಲ್ಲೋ ಥರದ್ದು. ಮೊನ್ನೆ ಕಾಲ್ ಮುಗಿಸಿದ ಕೂಡಲೇ ಪಕ್ಕದ ಮೇಜಿನವರು "ಹಂಗಾದ್ರೆ ಶುಕ್ರವಾರಕ್ಕೇ ಕೊಡ್ಬೇಕಾ?" ಅಂದ್ರು. ಮ್ಯಾನೇಜರ್ ಹೇಳಿದ್ದೆಲ್ಲ ಅವರಿಗೂ ಕೇಳಿಸಿದೆ! ವಾಲ್ಯೂಮ್ 70% ಇತ್ತು.

ಹೊರಮೈಯಲ್ಲಿ ಜಾಲರಿ ಇರೋ ಸಣ್ಣ ಸೀಳೊಂದಿದೆ. ಸೋರೋದು ಅಲ್ಲಿಂದಲೇ ಇರಬೇಕು ಅಂತ ಎರಡೂ ಕಡೆ ಟೇಪ್ ಹಚ್ಚಿದೆ. ಈಗ ಬೇಸ್ (ತಗ್ಗಿನ ದಪ್ಪ ಸ್ವರ) ಸತ್ತೇ ಹೋಗಿದೆ, ಪಕ್ಕದವರಿಗೆ ಮೊದಲಿಗಿಂತ ಸ್ಪಷ್ಟವಾಗಿ ಕೇಳ್ತಿದೆಯಂತೆ. ತೂತು ಮುಚ್ಚಿದ್ರೆ ಸದ್ದು ಹೆಚ್ಚೋದು ಹೇಗೆ? ಇನ್ನೊಂದು ವಿಷಯ, ಕಾಲ್‌ನಲ್ಲಿ ಆ ಕಡೆಯವರು ತಮ್ಮದೇ ದನಿ ವಾಪಸ್ ಕೇಳ್ತಿದೆ ಅಂತಾರೆ.

ಬೆಸುಗೆಕಡ್ಡಿ:
ಮೊದಲು ಟೇಪ್ ಕಿತ್ತು ಬಿಸಾಕಿ. ನೀವು ಮುಚ್ಚಿದ್ದು ಸೋರೋ ಜಾಗ ಅಲ್ಲ, ಸೋರಿಕೆ ತಡೆಯೋ ಜಾಗ.

ಸ್ಪೀಕರಿನ ಪೊರೆ ಮುಂದಕ್ಕೆ ತಳ್ಳಿದಾಗ ಅದರ ಬೆನ್ನ ಹಿಂದಿನ ಗಾಳಿ ಸಡಿಲಾಗುತ್ತೆ. ಹಾಗಾಗಿ ಮುಂದಿನ ತೂತಿನ ಅಲೆ ಉಬ್ಬಿದಾಗ ಹಿಂದಿನ ತೂತಿನದು (ಅದೇ ಆ ಜಾಲರಿ ಸೀಳು) ತಗ್ಗಿರುತ್ತೆ. ನಿಮ್ಮ ಕಿವಿಗೆ ಮುಂದಿನ ತೂತು ತೀರಾ ಹತ್ತಿರ, ಅದರದ್ದೇ ಮೇಲುಗೈ. ಒಂದು ಮೀಟರ್ ದೂರದಲ್ಲಿ ಕೂತವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ದೂರ, ಉಬ್ಬು ತಗ್ಗು ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನದನ್ನ ಮುಚ್ಚಿದ್ರಿ, ಅಳಿಸೋಕೆ ಯಾರೂ ಉಳಿಯಲಿಲ್ಲ. ಒಳಗಿನ ಗಾಳಿ ಸಿಕ್ಕಿಬಿದ್ದು ಪೊರೆ ಬಿಗಿಯಾಯ್ತು, ಅದಕ್ಕೇ ಬೇಸೂ ಹೋಯ್ತು.

ಆದರೆ ಈ ಉಪಾಯ ಎಲ್ಲ ಸ್ವರಕ್ಕೂ ನಡೆಯೋಲ್ಲ. ಎರಡು ತೂತುಗಳ ಅಂತರ ಅಲೆಯುದ್ದದ ಆರನೇ ಒಂದು ಭಾಗ ದಾಟಿದರೆ ಲಾಭ ಮುಗೀತು. ಅಂತರ 2 ಸೆಂ.ಮೀ. ಅಂದುಕೊಳ್ಳಿ, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಲೆಕ್ಕ ಹಾಕಿದರೆ ಸುಮಾರು 2,860 ಹರ್ಟ್ಜ್‌ಗೆ ಆಟ ಮುಗಿಯುತ್ತೆ, ಅದಕ್ಕಿಂತ ಮೇಲಿನ ಸ್ವರಗಳು ಅಳಿಯೋಲ್ಲ. ಸಾಮಾನ್ಯವಾಗಿ ಪಕ್ಕದವರಿಗೆ ಬರೀ "ಚ್ಸ್ ಚ್ಸ್" ಕೇಳೋದು ಇದಕ್ಕೇ: ಸ, ಶ, ಚ ಅಕ್ಷರಗಳ ಮೊನೆ, ಡ್ರಮ್ಸ್ ಜೊತೆಗಿನ ಸಿಂಬಲ್ಸ್ ತಾಳ.

ಟೇಪ್ ತೆಗೆದು, ಬೇಸ್ ವಾಪಸ್ ಬಂತಾ ಹೇಳಿ. ಮೈಕ್ ತೂತನ್ನೂ ಮುಚ್ಚಿಲ್ಲ ತಾನೇ?

ಹಿತ್ತಾಳೆಕಿವಿ:
ಇಲ್ಲ, ಮೈಕ್ ಕೆಳಗಿದೆ. ಬಲಗಡೆ ಬೇಸ್ ಬಂತು. ಎಡಗಡೆ ಇನ್ನೂ ಮಂಕು.

ಬೆಸುಗೆಕಡ್ಡಿ:
ಟೇಪಿನ ಅಂಟು ಜಾಲರಿಯಲ್ಲಿ ಉಳಿದಿರುತ್ತೆ. ಜಾಲರಿ ಕೆಳಮುಖ ಮಾಡಿ, ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಗುಂಡುಪಿನ್ ಬೇಡ, ಯಾವ ದ್ರವವೂ ಬೇಡ, ಅಂಟು ಕರಗಿ ಒಳಗೇ ಹೋದ್ರೆ ಕಥೆ ಮುಗೀತು. ಟೇಪ್ ಹಚ್ಚದವರಿಗೂ ಇದು ಅನ್ವಯ, ಬೆವರು ಧೂಳು ಸೇರಿ ಕಟ್ಟಿಕೊಂಡರೂ ಇದೇ ಗತಿ.

ಈಗ ಅಸಲಿ ಮದ್ದು. ಸ್ಪೀಕರ್ ಕಿವಿ ತೂತಿಗೆ ಎಷ್ಟು ದೂರ ಇದೆ? ಕನ್ನಡಿ ಮುಂದೆ ನಿಂತು ನೋಡಿ. ಪುಟ್ಟ ಸ್ಪೀಕರಿಗೆ ದೂರ ಅರ್ಧ ಆದರೆ ಕಿವಿಗೆ ಅಂದಾಜು 6 ಡೆಸಿಬೆಲ್ ಹೆಚ್ಚು ಸಿಗುತ್ತೆ. ಅಂದ್ರೆ 3 ಸೆಂ.ಮೀ.ನಿಂದ 1.5ಕ್ಕೆ ತಂದರೆ ಅಷ್ಟೇ ವಾಲ್ಯೂಮ್ ಇಳಿಸಬಹುದು, ಪಕ್ಕದವರಿಗೂ ಅಷ್ಟೇ ಕಡಿಮೆ. ಈಕ್ವಲೈಸರ್ (ತಗ್ಗು-ಮೇಲಿನ ಸ್ವರಗಳನ್ನ ಬೇರೆ ಬೇರೆಯಾಗಿ ಏರಿಳಿಸೋ ಸೆಟ್ಟಿಂಗ್) ತಿರುಗಿಸಿ ಇಷ್ಟು ಗಿಟ್ಟಿಸೋದು ಕಷ್ಟ. ಕನ್ನಡಕ ಹಾಕ್ತೀರಾ? ಕನ್ನಡಕದ ಕಡ್ಡಿ ಕೊಕ್ಕೆಯನ್ನ ಹೊರಗೆ ತಳ್ಳೋದು ತುಂಬಾ ಸಾಮಾನ್ಯ. ಮೊದಲು ಕೊಕ್ಕೆ, ಅದರ ಮೇಲೆ ಕನ್ನಡಕ ಹಾಕಿ ನೋಡಿ.

ಅರ್ಧರಾತ್ರಿ:
ಮಧ್ಯೆ ಬಾಯಿ ಹಾಕ್ತಿದೀನಿ. ನಂದು ಬೋನ್ ಕಂಡಕ್ಷನ್, ಅದಕ್ಕೂ ಇದೇನಾ? ಈಕ್ವಲೈಸರಲ್ಲಿ 3ರಿಂದ 6 ಸಾವಿರ ಹರ್ಟ್ಜ್ ಇಳಿಸಿದ್ರೆ ಸಾಕು ಅಂತ ಎಲ್ಲೋ ಓದಿದ್ದೆ.

ಬೆಸುಗೆಕಡ್ಡಿ:
ಹಾಡಿಗಾದರೆ 3-4 ಡೆಸಿಬೆಲ್ ಇಳಿಸಿ, ಪರವಾಗಿಲ್ಲ. ಮಾತಿಗೆ ಬೇಡ. ವ್ಯಂಜನಗಳು ತಿಳಿಯೋದೇ ಆ ಭಾಗದಿಂದ. ಅದು ಇಳಿದರೆ ಮಾತು ಅರ್ಥವಾಗದೆ ವಾಲ್ಯೂಮ್ ಏರಿಸ್ತೀರಿ, ಮತ್ತೆ ಅಲ್ಲಿಗೇ ಬಂದು ನಿಲ್ತೀರಿ. ಬೇಸ್ ಬೂಸ್ಟ್ ಕೂಡ ಆಫ್ ಇರಲಿ. ಪುಟ್ಟ ಪೊರೆ ಒದ್ದಾಡಿ ಸ್ವರ ಒಡೆದರೆ, ಒಡೆದ ಚೂರುಗಳು ಹೆಚ್ಚಾಗಿ ಮೇಲಿನ ಸ್ವರಗಳಲ್ಲೇ ಹುಟ್ಟೋದು, ಅವು ಅಷ್ಟಾಗಿ ಅಳಿಯೋದೂ ಇಲ್ಲ.

ಬೋನ್ ಕಂಡಕ್ಷನ್ ಕಥೆ ಬೇರೆ. ಅಲ್ಲಿ ಡಬ್ಬಿಯ ಮೈಯೇ ಅದುರಿ ಗಾಳಿಗೆ ಸದ್ದು ಬಿಡುತ್ತೆ. ಹಾಕಿಕೊಂಡು ಬೆರಳಿಂದ ಮೆಲ್ಲಗೆ ಒತ್ತಿ. ದನಿ ತುಂಬಿಕೊಂಡರೆ ಮೂಳೆಗೆ ಸರಿಯಾಗಿ ತಾಕಿಲ್ಲ ಅಂತ ಅರ್ಥ, ಜಾಗ ಬದಲಿಸಿ, ಕೂದಲು ಸಿಕ್ಕಿದ್ದರೆ ಸರಿಸಿ. ಫೋಮ್ ಇಯರ್‌ಪ್ಲಗ್ ಹಾಕಿದರೆ ಬೇಸ್ ದಪ್ಪಗಾಗುತ್ತೆ, ಸುತ್ತಲಿನ ಗದ್ದಲವೂ ಇಳಿಯುತ್ತೆ, ಆಗ ವಾಲ್ಯೂಮ್ ಕಮ್ಮಿ ಸಾಕು. ಆದರೆ ಕಿವಿ ಮುಚ್ಚೋದೇ ಆದರೆ ಓಪನ್-ಇಯರ್ ತಗೊಂಡಿದ್ದು ಯಾಕೆ, ಅದು ಬೇರೆ ಪ್ರಶ್ನೆ.

ಅರ್ಧರಾತ್ರಿ:
😄 ಒತ್ತಿ ನೋಡಿದೆ, ದನಿ ತುಂಬಿಕೊಳ್ತು. ಕೂದಲೇ ಅಡ್ಡ. ನನ್ನ ಇನ್ನೊಂದು ತಪ್ಪೂ ಹೇಳಿಬಿಡ್ತೀನಿ: ರಸ್ತೆ ಗದ್ದಲದಲ್ಲಿ ಏರಿಸಿದ ವಾಲ್ಯೂಮನ್ನ ಒಳಗೆ ಬಂದ ಮೇಲೆ ಇಳಿಸೋದೇ ಇಲ್ಲ.

ಬೆಸುಗೆಕಡ್ಡಿ:
ಹಿತ್ತಾಳೆಕಿವಿಯವರೇ, ಪರೀಕ್ಷೆ ಹೀಗೆ ಮಾಡಿ: ಹಾಕಿಕೊಂಡೇ ಇರಿ, ಫೋನನ್ನ ಅರ್ಧ ಮೀಟರ್ ದೂರ ಇಟ್ಟು ಒಂದೇ ತುಣುಕನ್ನ ಬದಲಾವಣೆಗೆ ಮೊದಲೂ ಆಮೇಲೂ ರೆಕಾರ್ಡ್ ಮಾಡಿ. ಎರಡು ಸಲವೂ ನಿಮ್ಮ ಕಿವಿಗೆ ಒಂದೇ ಸಮ ಕೇಳೋ ಹಾಗೆ ವಾಲ್ಯೂಮ್ ಇಟ್ಟುಕೊಳ್ಳಿ, ಇಲ್ಲಾಂದ್ರೆ ಹೋಲಿಕೆಗೆ ಅರ್ಥ ಇಲ್ಲ. ಬಿಚ್ಚಿ ಮೇಜಿನ ಮೇಲಿಟ್ಟು ಅಳೆಯಬೇಡಿ. ಆ್ಯಪ್ ತೋರಿಸೋ ಡೆಸಿಬೆಲ್ ಅಂಕಿ ನಂಬಬೇಡಿ, ವ್ಯತ್ಯಾಸ ಮಾತ್ರ ನೋಡಿ.

ಹಿತ್ತಾಳೆಕಿವಿ:
ಮೂರು ದಿನದ ವರದಿ. ಎಡಗಡೆ ಎರಡು ಸಲ ಬ್ರಷ್ ಹಾಕಿದ ಮೇಲೆ ಬೇಸ್ ಬಂತು. ಕನ್ನಡಕದ ಅನುಮಾನ ಸರಿಯಾಗಿತ್ತು, ಬಲಗಡೆಯದು ಒಂದು ಬೆರಳಷ್ಟು ಹೊರಗೆ ನಿಂತಿತ್ತು. ಈಗ 45% ವಾಲ್ಯೂಮ್ ಸಾಕಾಗ್ತಿದೆ. ರೆಕಾರ್ಡಿಂಗಲ್ಲಿ ಮಾತು ತಿಳಿಯೋಲ್ಲ, "ಸ್ಸ್" ಮಾತ್ರ ಉಳಿದಿದೆ. ಸದ್ದೇ ಇಲ್ಲದ ಕೋಣೆಯಲ್ಲಿ ಪಕ್ಕದವರು ಬಗ್ಗಿ ಕೇಳಿದರೆ ಒಂದೊಂದು ಪದ ಸಿಗುತ್ತಂತೆ, ಹಾಗಾಗಿ ಗುಟ್ಟಿನ ಕಾಲ್‌ಗಳಿಗೆ ಹಳೇ ಇಯರ್‌ಫೋನೇ. ಆ ಕಡೆಯವರಿಗೆ ತಮ್ಮದೇ ದನಿ ವಾಪಸ್ ಹೋಗ್ತಿದ್ದದ್ದೂ ನಿಂತಿದೆ.

ಬೆಸುಗೆಕಡ್ಡಿ:
ಸೋರಿದ ಸದ್ದು ನಿಮ್ಮ ಮೈಕಿಗೇ ಬೀಳ್ತಿತ್ತು, ಅದಕ್ಕೆ. ಶೀರ್ಷಿಕೆಗೆ "ಪರಿಹಾರವಾಗಿದೆ" ಅಂತ ಸೇರಿಸಿಬಿಡಿ.