ಪರಾಗಕ್ಕೆ 'ಸುಂಕು' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರದ ಕಡೆ ಒಂದು ಕಣ್ಣಿನ ಶಿಬಿರಕ್ಕೆ ಕರಪತ್ರ ಬರೆದುಕೊಡಬೇಕಿದೆ. ವಿಷಯ ಕಣ್ಣಿನ ಅಲರ್ಜಿ. ನನ್ನ ಕೈಗೆ ಬಂದ ಕರಡಿನಲ್ಲಿ 'ವಾಯುಜನ್ಯ ಪ್ರತ್ಯೂರ್ಜಕಗಳಿಂದ ಉಂಟಾಗುವ ನೇತ್ರ ಉರಿಯೂತ' ಎಂದಿತ್ತು. ಪ್ರತ್ಯೂರ್ಜಕ ಎಂದರೆ ಅಲರ್ಜಿ ತರಿಸುವ ವಸ್ತುವಂತೆ. ಓದಿದರೇ ಕಣ್ಣಲ್ಲಿ ನೀರು ಬರುತ್ತದೆ.

'ಅಲರ್ಜಿ' ಇರಲಿ ಬಿಡಿ. 1906ರಲ್ಲಿ ವಿಯೆನ್ನಾದ ವೈದ್ಯ ಪಿರ್ಕೆ ಗ್ರೀಕ್ ಬೇರುಗಳಿಂದ ಕಟ್ಟಿದ ಪದ, ಈಗ ಔಷಧಿ ಅಂಗಡಿಯ ಕನ್ನಡವೇ ಆಗಿಹೋಗಿದೆ. ಜೊತೆಗೆ 'ಧೂಳು ಆಗಿಬರದವರಿಗೆ' ಎಂದು ಸೇರಿಸಿದರೆ ಸಾಕು.

ತೊಡಕಿರುವುದು ಕಾಯಿಲೆಯ ಹೆಸರಲ್ಲಿ. 'ಕಣ್ಣು ಬೇನೆ' ಎಂದು ಬರೆದರೆ ಜನ ಮದ್ರಾಸ್ ಐ ಎಂದುಕೊಳ್ಳುತ್ತಾರೆ. ಗಡಿಯ ತೆಲುಗು ಮನೆಗಳ 'ಕಂಡ್ಲ ಕಲಕ'ವೂ ಅದೇ. ತಕ್ಷಣ ಮಗುವಿನ ಟವೆಲ್ ಬೇರೆ, ಚಾಪೆ ಬೇರೆ. ಆದರೆ ಅಲರ್ಜಿ ಅಂಟುವುದಿಲ್ಲ. ಪರಾಗ ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪದರಕ್ಕೆ ತಾಗಿದಾಗ ಅಲ್ಲಿನ ಮಾಸ್ಟ್ ಕೋಶಗಳು (ದೇಹದ ಒಂದು ಬಗೆಯ ಕಾವಲು ಕೋಶಗಳು) ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ಅದರಿಂದಲೇ ನವೆ, ಕೆಂಪು, ನೀರು. ಸಾಮಾನ್ಯವಾಗಿ ಎರಡೂ ಕಣ್ಣಿಗೆ. ಗೀಜು ಕಟ್ಟಿ ರೆಪ್ಪೆ ಅಂಟಿಕೊಳ್ಳುವುದು ಕಡಿಮೆ. ಅದಕ್ಕೇ ಸುಮ್ನೆ 'ಕಣ್ಣು ನವೆ' ಎಂದು ಹಾಕಿದ್ದೇನೆ. 'ಉರಿಯೂತ' ಒಳ್ಳೆ ಪದವೇ, ಆದರೆ ಇಲ್ಲಿ ಉರಿಗಿಂತ ನವೆಯ ಕಾಟ ಜಾಸ್ತಿ ಅಲ್ವಾ?

'ಗಾಳಿಯಿಂದ ಬರುವ' ಎನ್ನಲೂ ಅಂಜಿಕೆ. ಯಾರಾದರೂ 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸಲು ಹೊರಟಾರು! 'ಗಾಳಿಯಲ್ಲಿ ಹಾರಿಬರುವ' ಎಂದರೆ ಆ ಭಯವಿಲ್ಲ.

ಈಗ ನನ್ನ ಅಸಲಿ ಪ್ರಶ್ನೆ. 'ಪರಾಗ' ಎಂಬ ಪದವನ್ನು ಶಾಲೆ ಬಿಟ್ಟ ಮೇಲೆ ಯಾರು ಆಡುತ್ತಾರೆ? ನಮ್ಮಜ್ಜಿ ಜೋಳದ ಹೊಲದಿಂದ ಬಂದವರೇ 'ಸುಂಕು ಹಾರಿ ಕಣ್ಣೆಲ್ಲ ನವೆ' ಎನ್ನುತ್ತಿದ್ದರು. ಅದು ತೆನೆಯ ಹೂಪುಡಿಯೋ, ಮುಳ್ಳುಮುಳ್ಳಾದ ಹೊಟ್ಟೋ, ಎರಡೂ ಸೇರಿಯೋ, ಆಗ ಕೇಳಲು ನನಗೆ ತೋಚಲಿಲ್ಲ. ತೆಲುಗಿನಲ್ಲೂ ತೆನೆಯ ಹೂವಿಗೆ 'ಸುಂಕು' ಎನ್ನುತ್ತಾರೆ. ಜೋಳ, ಹುಲ್ಲು, ಸರ್ವೆ ಮರ ಇವುಗಳ ಪರಾಗ ಗಾಳಿಗೇ ಹಾರುವಂಥದ್ದು, ಅಲ್ಲಿ ಈ ಪದ ಕೂರುತ್ತದೆ. ಮಾವಿಗೆ ಯಾಕೋ ಕೂರುವುದಿಲ್ಲ. ಅದರ ಪರಾಗ ಅಂಟಂಟು, ಹೆಚ್ಚಾಗಿ ನೊಣಗಳೇ ಹೊತ್ತೊಯ್ಯುತ್ತವೆ.

ಹಾಗಾದರೆ 'ಕಾಂಗ್ರೆಸ್ ಗಿಡದ ಸುಂಕು' ಎಂದರೆ ನಿಮ್ಮ ಕಿವಿಗೆ ಹೇಗಿರುತ್ತದೆ? ಪಾವಗಡ, ಬಾಗೇಪಲ್ಲಿ ಕಡೆಯವರು ದಯವಿಟ್ಟು ಹೇಳಿ. ತೆರಿಗೆಯ ಸುಂಕ ಎಂದುಕೊಂಡು ಯಾರಾದರೂ ಕರಪತ್ರ ಮಡಿಸಿ ಎಸೆಯುತ್ತಾರಾ?